ಬಾಲ್ಕನಿಯೋ, ಕೆಳಗೋ?

ಪ್ರಶ್ನೆ: ಹಳೆಯ ಸಿಂಗಲ್ ಸ್ಕ್ರೀನ್ ಥಿಯೇಟರ್‌ಗಳೆಂದರೆ ನಮ್ಮ ಮನೆಯವರಿಗೆಲ್ಲ ಪ್ರಾಣ. ಬಾಲ್ಕನಿ ಟಿಕೆಟ್ ತಗೊಳ್ಳುವುದೋ, ಕೆಳಗೆ ಕೂರುವುದೋ? ಕೆಲವು ಕಡೆ ಚಿತ್ರ ಮಂಕಾಗಿ ಕಾಣುವುದೇಕೆ?
— ಓದುಗರು, ದಾವಣಗೆರೆ

ಉತ್ತರ: ಬಾಲ್ಕನಿ ಸಿಕ್ಕರೆ ಅದರ ಮೊದಲ ಎರಡು ಸಾಲು, ನಟ್ಟನಡುವೆ. ಪರದೆ ಕಣ್ಣಿನ ನೇರಕ್ಕಿರುತ್ತದೆ, ಮುಂದೆ ಯಾರ ತಲೆಯೂ ಅಡ್ಡ ಬರುವುದಿಲ್ಲ. 40 ಅಡಿ ಅಗಲದ ಪರದೆಗೆ ಸುಮಾರು 60 ಅಡಿ ದೂರ ಹದವಾದದ್ದು. ತೀರಾ ಹಿಂದೆ, 100 ಅಡಿ ದೂರಕ್ಕೆ ಹೋದರೆ ಪರದೆಯ ಹಿಂದಿನ ಸ್ಪೀಕರಿನ ಧ್ವನಿ ತಲುಪಲು ಸೆಕೆಂಡಿನ ಹನ್ನೊಂದನೇ ಒಂದು ಭಾಗ, ಅಂದರೆ ಸುಮಾರು 2 ಫ್ರೇಮ್ (ಸೆಕೆಂಡಿಗೆ 24 ಓಡುವ ಬಿಡಿ ಚಿತ್ರಗಳು) ಹಿಡಿಯುತ್ತದೆ. ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದಂತೆ ಅನಿಸಬಹುದು. ಕೆಳಗಾದರೆ ಬಾಲ್ಕನಿಯ ಅಡಿಗೆ ಸಿಕ್ಕಿಕೊಳ್ಳಬೇಡಿ. ಬೆಂಗಳೂರಿನ ಊರ್ವಶಿ ಥಿಯೇಟರಿನಂತೆ ಅಟ್ಮಾಸ್ (ಚಾವಣಿಯಿಂದಲೂ ಧ್ವನಿ ಬರುವ ಡಾಲ್ಬಿ ವ್ಯವಸ್ಥೆ) ಇರುವ ಕಡೆ ಅರ್ಧ ಸೊಗಸು ಚಾವಣಿಯ ಸ್ಪೀಕರ್‌ಗಳದು, ಆ ಜಾಗದಲ್ಲಿ ಅದು ಸರಿಯಾಗಿ ಕೇಳದು.

ಮಂಕಿಗೆ ಮುಖ್ಯ ಕಾರಣ ಪ್ರೊಜೆಕ್ಟರಿನ ದೀಪ. ಕ್ಸೆನಾನ್ ಬಲ್ಬ್ ಗಂಟೆ ಕಳೆದಂತೆ ಬೆಳಕು ಕಳೆದುಕೊಳ್ಳುತ್ತದೆ, ದುಬಾರಿಯಾದ್ದರಿಂದ ಬದಲಿಸುವುದನ್ನು ಮುಂದೂಡುತ್ತಾರೆ. 2ಡಿ ಚಿತ್ರಕ್ಕೆ ಪರದೆಯ ನಡುವಿನ ಹೊಳಪು 14 ಫುಟ್-ಲ್ಯಾಂಬರ್ಟ್ (ಪರದೆಯಿಂದ ಕಣ್ಣಿಗೆ ಬರುವ ಬೆಳಕಿನ ಅಳತೆ) ಇರಬೇಕು. ಪ್ರೊಜೆಕ್ಟರ್ ಕೋಣೆಯ ಕಿಟಕಿಗಾಜಿನ ಧೂಳು, 3ಡಿ ಆಟ ಮುಗಿದ ಮೇಲೂ ಲೆನ್ಸ್ ಮುಂದಿನಿಂದ ತೆಗೆಯದೆ ಬಿಟ್ಟ 3ಡಿ ಫಿಲ್ಟರ್ ಕೂಡ ಬೆಳಕನ್ನು ನುಂಗುತ್ತವೆ. ಇವೆರಡೂ ಐದು ನಿಮಿಷದ ಕೆಲಸ. ಇಂಟರ್‌ವಲ್‌ನಲ್ಲಿ ಮ್ಯಾನೇಜರ್‌ಗೆ ಖಂಡಿತ ಹೇಳಿ.