‘ರಕ್ತದಲ್ಲೇ ಸ್ಟ್ರೋಕ್‌ನ ಸುಳಿವು’ ಬರೆದವರಿಗೆ

ನಮಸ್ಕಾರ,

ಸ್ಟ್ರೋಕ್ ರೋಗಿಗಳ ರಕ್ತದಲ್ಲಿ ಕಾಣುವ ಏರುಪೇರುಗಳ ಬಗ್ಗೆ ನೀವು ಬರೆದ ಲೇಖನ ಪೂರ್ತಿ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ನನಗೆ ತುಂಬಾ ಹಿಡಿಸಿತು. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2 ಮಾತ್ರ, ಆದರೆ ಆಮ್ಲಜನಕದಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು ಅನ್ನುವಲ್ಲಿಂದ ಶುರು ಮಾಡಿದ್ದೀರಿ. ರಕ್ತ ನಿಂತಾಗ ಹಾನಿಯಾಗುವುದು ಎಲ್ಲರಿಗೂ ಗೊತ್ತು. ರಕ್ತ ಮತ್ತೆ ಹರಿದಾಗಲೂ ಫ್ರೀ ರ‍್ಯಾಡಿಕಲ್‌ಗಳು (ಸಿಕ್ಕ ಅಣುಗಳೊಂದಿಗೆ ತಕ್ಷಣ ಪ್ರತಿಕ್ರಿಯಿಸುವ ಅಸ್ಥಿರ ಕಣಗಳು) ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ ಅನ್ನುವುದನ್ನು ಸುಲಭವಾಗಿ ವಿವರಿಸಿದ್ದೀರಿ. ಅದನ್ನು ಮುಟ್ಟಬೇಡಿ.

ತೊಂದರೆ ಇರುವುದು ನೀವು ಕೊಟ್ಟ ಪಟ್ಟಿಯಲ್ಲಿ. ಆರೋಗ್ಯವಂತರಿಗೆ ಹೋಲಿಸಿದರೆ ಸ್ಟ್ರೋಕ್ ರೋಗಿಗಳ ರಕ್ತದಲ್ಲಿ ಮ್ಯಾಲೊನ್‌ಡೈಆಲ್ಡಿಹೈಡ್ ಜಾಸ್ತಿ, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಡಿಮೆ, ಸಿಆರ್‌ಪಿ ಜಾಸ್ತಿ ಎಂದು ತೋರಿಸಿದ್ದೀರಿ. ಮೊದಲನೆಯದು ಫ್ರೀ ರ‍್ಯಾಡಿಕಲ್‌ಗಳು ಕೊಬ್ಬನ್ನು ಕೆಡಿಸಿದಾಗ ಉಳಿಯುವ ವಸ್ತು, ಎರಡನೆಯದು ಅವನ್ನು ತಗ್ಗಿಸುವ ಕಿಣ್ವ, ಮೂರನೆಯದು ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್. ಪಟ್ಟಿಯ ಕೆಳಗೆ ‘ಇವೇ ಸ್ಟ್ರೋಕ್‌ಗೆ ಕಾರಣ’ ಎಂದು ಬರೆದಿದ್ದೀರಿ. ಆ ರಕ್ತ ತೆಗೆದದ್ದು ಯಾವಾಗ? ಸ್ಟ್ರೋಕ್ ಆದ ಮೇಲೆ, ಅಲ್ವಾ? ಹಾಗಿದ್ದರೆ ಆ ಏರುಪೇರು ಸ್ಟ್ರೋಕ್‌ನಿಂದಲೇ ಬಂದಿರಬಹುದು. ಸಕ್ಕರೆ ಕಾಯಿಲೆಯಿಂದಲೋ ಸಿಗರೇಟಿನಿಂದಲೋ ಮೊದಲೇ ಇದ್ದಿರಲೂಬಹುದು. ಬರೀ ಈ ಪಟ್ಟಿ ನೋಡಿ ಯಾವುದೆಂದು ಹೇಳಲು ಬರುವುದಿಲ್ಲ.

ಸಿಆರ್‌ಪಿಯನ್ನೇ ನೋಡಿ. ಮಿದುಳಿಗೆ ಪೆಟ್ಟಾದರೂ ಅದು ತಯಾರಾಗುವುದು ಯಕೃತ್ತಿನಲ್ಲಿ, ಮುಖ್ಯವಾಗಿ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನ್‌ನ ಸೂಚನೆಯ ಮೇಲೆ. ಪೆಟ್ಟಾಗಿ ಕೆಲವು ಗಂಟೆ ಕಳೆದ ಮೇಲೆ ಏರಲು ಶುರುವಾಗಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 19 ಗಂಟೆ. ಅಂದರೆ ಒಬ್ಬನೇ ರೋಗಿಯ ಮೊದಲ ಗಂಟೆಯ ರಕ್ತಕ್ಕೂ ಎರಡನೇ ದಿನದ ರಕ್ತಕ್ಕೂ ತುಂಬಾ ವ್ಯತ್ಯಾಸ ಬರಬಹುದು. ಇನ್ನೊಂದು ವಿಷಯ: ಸ್ಟ್ರೋಕ್ ಆದ ಅನೇಕರಿಗೆ ನುಂಗುವುದು ಕಷ್ಟವಾಗುತ್ತದೆ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆಗಲೂ ಸಿಆರ್‌ಪಿ ಜಿಗಿಯುತ್ತದೆ. ರಕ್ತ ಎಷ್ಟನೇ ಗಂಟೆಯದು, ಸೋಂಕು ಇತ್ತೋ ಇಲ್ಲವೋ ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ಆರೋಗ್ಯವಾಗಿದ್ದಾಗಲೇ ಸಿಆರ್‌ಪಿ ಜಾಸ್ತಿ ಇದ್ದವರಿಗೆ ಮುಂದೆ ಸ್ಟ್ರೋಕ್ ಅಪಾಯವೂ ಜಾಸ್ತಿ ಎಂದು ಬರೆದಿದ್ದೀರಿ. ಅದು ನಿಜ. ಆದರೆ ಅದು ವರ್ಷಗಳ ಮೊದಲು ತೆಗೆದ ರಕ್ತದ ಮಾತು, ಅದನ್ನು ಈ ಪಟ್ಟಿಗೆ ಬೆರೆಸಬೇಡಿ. ಅಲ್ಲಿಯೂ ಸಿಆರ್‌ಪಿ ಬರೀ ಗುರುತು ಇರಬಹುದು. ಹೃದಯದ ರಕ್ತನಾಳದ ಕಾಯಿಲೆಯ ಬಗ್ಗೆ ನಡೆದ ಜೀನ್ ಅಧ್ಯಯನಗಳಲ್ಲಿ ಸಿಆರ್‌ಪಿಯೇ ಕಾರಣ ಅನ್ನಲು ಆಧಾರ ಸಿಗಲಿಲ್ಲ. ಇಂಟರ್‌ಲ್ಯೂಕಿನ್-6ರ ದಾರಿ ಕಾರಣವಿರಬಹುದು ಎಂಬ ಅನುಮಾನ ಮಾತ್ರ ಗಟ್ಟಿಯಾಯಿತು. ಇದನ್ನು ಸೇರಿಸಿದರೆ ನಿಮ್ಮ ಲೇಖನಕ್ಕೆ ನಿಜವಾದ ತೂಕ ಬರುತ್ತದೆ.

ಅಳತೆಯ ವಿಧಾನವನ್ನು ಒಂದೆರಡು ಸಾಲಿನಲ್ಲಾದರೂ ಹೇಳಿ. ಮ್ಯಾಲೊನ್‌ಡೈಆಲ್ಡಿಹೈಡ್ ಅಳೆಯುವ ಹಳೆಯ ಬಣ್ಣದ ಪರೀಕ್ಷೆಯಲ್ಲಿ ಬೇರೆ ವಸ್ತುಗಳೂ ಬಣ್ಣ ಕೊಡುತ್ತವೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕೆಂಪು ರಕ್ತಕಣಗಳ ಒಳಗೆ ತುಂಬಿರುತ್ತದೆ. ರಕ್ತ ತೆಗೆಯುವಾಗ ಕಣಗಳು ಒಡೆದರೆ, ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವವಾದ ಸೀರಮ್‌ನ ಲೆಕ್ಕವೇ ತಪ್ಪುತ್ತದೆ.

ಕೊನೆಯ ಭಾಗದ ಬಗ್ಗೆ ನನಗೆ ನಿಜವಾಗಿಯೂ ಆತಂಕವಾಯಿತು. ‘ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡರೆ ಸ್ಟ್ರೋಕ್ ತಡೆಯಬಹುದು’ ಎಂದು ಬರೆದು ವಿಟಮಿನ್ ಇ ಹೆಸರು ಹಾಕಿದ್ದೀರಿ. ವಿಟಮಿನ್ ಇ ಪ್ರಯೋಗಗಳನ್ನು ಒಟ್ಟು ಸೇರಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್ ಶೇಕಡ 10ರಷ್ಟು ಕಡಿಮೆಯಾಗಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗುವ ಸ್ಟ್ರೋಕ್ ಶೇಕಡ 22ರಷ್ಟು ಹೆಚ್ಚಾಗಿತ್ತು. ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯಲೆಂದೇ ತಯಾರಿಸಿದ ಎನ್‌ಎಕ್ಸ್‌ವೈ-059 ಔಷಧದ ಕಥೆ ಇನ್ನೂ ಪಾಠ ಕಲಿಸುವಂಥದ್ದು. 2006ರಲ್ಲಿ ಪ್ರಕಟವಾದ ಸೇಂಟ್-1 ಪ್ರಯೋಗದಲ್ಲಿ ಭರವಸೆ ಕಂಡಿತು. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಸೇಂಟ್-2ರಲ್ಲಿ ಆ ಲಾಭ ಕಾಣಲಿಲ್ಲ. ಮಾರ್ಕರ್ (ರೋಗದ ಗುರುತಾಗಿ ರಕ್ತದಲ್ಲಿ ಅಳೆಯುವ ವಸ್ತು) ಇಳಿಸಿದರೆ ರೋಗಿ ಚೇತರಿಸಿಕೊಳ್ಳುತ್ತಾನೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ. ಮಾತ್ರೆಯ ಸಲಹೆ ತೆಗೆದು ಈ ಕಥೆ ಹಾಕಿ.

‘ಮುಂದೆ ಸ್ಕ್ಯಾನ್ ಬೇಕಿಲ್ಲ, ರಕ್ತ ಪರೀಕ್ಷೆಯೇ ಸಾಕು’ ಅನ್ನುವ ಸಾಲನ್ನೂ ಹೊಡೆದುಹಾಕಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವ ಆಗಿರುವವರಿಗೆ ಅದನ್ನು ಕೊಟ್ಟರೆ ಜೀವಕ್ಕೇ ಅಪಾಯ. ಯಾವುದು ಆಗಿದೆ ಎಂದು ಬೇರ್ಪಡಿಸುವುದು ಸ್ಕ್ಯಾನ್. ನಿಮ್ಮ ಪಟ್ಟಿಯ ಮೂರು ಮಾರ್ಕರ್‌ಗಳಲ್ಲಿ ಒಂದೂ ಅದನ್ನು ಹೇಳುವುದಿಲ್ಲ. ಬಾಯಿ ಸೊಟ್ಟಗಾದ ಮನುಷ್ಯನ ಪಕ್ಕದಲ್ಲಿ ನಿಂತವರು ನಿಮ್ಮ ಸಾಲು ನೆನಪಿಸಿಕೊಂಡು ಲ್ಯಾಬ್ ಹುಡುಕುತ್ತಾ ಹೋಗಬಾರದು. ದೊಡ್ಡ ರಕ್ತನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ.

ಪಟ್ಟಿಯಲ್ಲಿರುವ ರೋಗಿಗಳ ರಕ್ತ ಎಷ್ಟನೇ ಗಂಟೆಯದು ಎಂದು ನೀವು ಆಧರಿಸಿದ ಪ್ರಬಂಧದಲ್ಲಿ ಇದೆಯಾ ನೋಡಿ. ಇದ್ದರೆ ಪಟ್ಟಿಯ ತಲೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ಪಟ್ಟಿಯನ್ನೇ ಬಿಟ್ಟು ಉಳಿದದ್ದನ್ನು ಕಳಿಸಿ, ಮತ್ತೆ ಓದುತ್ತೇನೆ.

ಸಂಪಾದಕ