ರಾತ್ರಿಯೆಲ್ಲಾ ಪಂಜರದ ಕಂಬಿ ಕಡಿಯುತ್ತವೆ, ಏನು ಮಾಡಲಿ?

ಪ್ರಶ್ನೆ: ನನಗೆ 37 ವರ್ಷ. ಗಂಡ, ಅತ್ತೆ, ಒಂಬತ್ತು ವರ್ಷದ ಮಗಳ ಜೊತೆ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ನಾದಿನಿ ಎರಡು ಹ್ಯಾಮ್‌ಸ್ಟರ್ ತಂದುಕೊಟ್ಟಳು. ಕೆಂಚು ಬಣ್ಣ, ಬಿಳಿ ಹೊಟ್ಟೆ. ಜೊತೆಗೆ ಗುಲಾಬಿ ಬಣ್ಣದ, ಎರಡು ಅಂತಸ್ತಿನ ತಂತಿ ಪಂಜರ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ. ಎರಡೂ ಅಕ್ಕತಂಗಿ, ಹೊಂದಿಕೊಂಡು ಇರುತ್ತವೆ ಎಂದು ಅಂಗಡಿಯಲ್ಲಿ ಹೇಳಿದರಂತೆ. ಈಗ ರಾತ್ರಿ ಹನ್ನೊಂದಾದರೆ ಸಾಕು, ಕಂಬಿ ಕಡಿಯಲು ಶುರು. ಹೋದ ವಾರ ಒಂದರ ಕಿವಿ ಹರಿದು ರಕ್ತ ಬಂತು. ಮಗಳು "ಅಮ್ಮಾ, ಅದಕ್ಕೆ ಹೊರಗೆ ಬರಬೇಕಾ?" ಎಂದು ಕೇಳುತ್ತಾಳೆ. ದೊಡ್ಡ ಪಂಜರ ತರೋಣ ಎಂದರೆ ಗಂಡ "ಇಲಿಗೆ ಬಂಗಲೆ ಕಟ್ಟಿಸ್ತೀಯಾ?" ಎನ್ನುತ್ತಾರೆ. ಅತ್ತೆಗೆ ವಾಸನೆ ತಡೆಯಲು ಆಗುವುದಿಲ್ಲ, ಪಾರ್ಕಿನಲ್ಲಿ ಬಿಟ್ಟು ಬನ್ನಿ ಎನ್ನುತ್ತಾರೆ. ಪಂಜರ ಬದಲಿಸಿದರೆ ನಾದಿನಿಗೆ ಬೇಜಾರು. ಹಾಲಿನಲ್ಲಿ ಅತ್ತೆಯ ದಿವಾನ, ಟಿವಿ. ಬೆಡ್‌ರೂಮಿನಲ್ಲಿ ಮಂಚ, ಬೀರು, ಬಟ್ಟೆ ಒಣಹಾಕುವ ಟ್ರೆಡ್‌ಮಿಲ್. ನಾನೇ ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಇವಕ್ಕೆ ಎಲ್ಲಿಂದ ಜಾಗ ತರಲಿ? ಯಾರಿಗಾದರೂ ಕೊಟ್ಟುಬಿಡಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಒಂದು ಕೆಲಸ ಮಾಡಿ, ಆಮೇಲೆ ಮುಂದೆ ಓದಿ. ಎರಡನ್ನೂ ಬೇರೆ ಮಾಡಿ. ಇವತ್ತೇ. ಹಾಸಿಗೆ ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಬಾಕ್ಸ್ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಖಾಲಿ ಮಾಡಿ, ಮುಚ್ಚಳದ ತುಂಬ ಗಾಳಿಯಾಡಲು ತೂತು ಮಾಡಿ, ಒಂದನ್ನು ಅದಕ್ಕೆ ಬಿಡಿ. ನೀರು, ಕಾಳು, ಅಡಗಿಕೊಳ್ಳಲು ಒಂದು ಸಣ್ಣ ರಟ್ಟಿನ ಡಬ್ಬಿ ಇಡಿ. ಕಿವಿ ಹರಿದಿರುವುದನ್ನು ನಾಳೆಯೇ ಪಶುವೈದ್ಯರಿಗೆ ತೋರಿಸಿ. ಅಲ್ಲೇ ಎರಡೂ ಹೆಣ್ಣೇ ಹೌದಾ ಎಂದು ಕೇಳಿಕೊಳ್ಳಿ. ಅಂಗಡಿಯಲ್ಲಿ ಇದು ತಪ್ಪಾಗುವುದು ಹೊಸದೇನಲ್ಲ. ಈ ಜಾತಿಯಲ್ಲಿ ಗರ್ಭ ಧರಿಸಿ 16 ದಿನಕ್ಕೆಲ್ಲಾ ಮರಿಗಳು ಬಂದುಬಿಡುತ್ತವೆ.

ನೀವು ಹೇಳಿದ ಬಣ್ಣ ನೋಡಿದರೆ ಇವು ಸಿರಿಯನ್ ಹ್ಯಾಮ್‌ಸ್ಟರ್ ಇರಬೇಕು. ಇವು ಒಂಟಿ ಜೀವಿಗಳು. ಅಕ್ಕತಂಗಿಯಾದರೂ ಅಷ್ಟೇ. ಮರಿಯಾಗಿದ್ದಾಗ ಒಂದರ ಮೇಲೊಂದು ಬಿದ್ದು ಮಲಗುತ್ತವೆ, ಬೆಳೆದ ಮೇಲೆ ಕಚ್ಚಾಡುತ್ತವೆ. ಕೆಲವು ಸಲ ಒಂದು ಸಾಯುವ ತನಕ. ಸಿರಿಯಾದ ಅಲೆಪ್ಪೊ ಪಟ್ಟಣದ ಸುತ್ತಲಿನ ಹೊಲಗಳಲ್ಲಿ ಇವುಗಳ ಬಿಲ ಅಗೆದು ನೋಡಿದ ಸಂಶೋಧಕರಿಗೆ ಒಂದೇ ಒಂದು ಬಿಲದಲ್ಲೂ ಎರಡು ದೊಡ್ಡ ಹ್ಯಾಮ್‌ಸ್ಟರ್ ಸಿಗಲಿಲ್ಲ. ಒಂದು ಬಿಲಕ್ಕೆ ಒಂದೇ. ಆ ಬಿಲಗಳ ಆಳ 36 ಸೆಂಟಿಮೀಟರಿನಿಂದ 106 ಸೆಂಟಿಮೀಟರ್. ಅಂದರೆ ನಿಮ್ಮ ಮಗಳ ಎದೆಮಟ್ಟ ಮುಟ್ಟುವಷ್ಟು. ಇಷ್ಟು ತಿಳಿದ ಮೇಲೆ ಒಂದೂವರೆ ಅಡಿಯ ತಂತಿ ಪಂಜರವನ್ನು ಇನ್ನೊಂದು ಸಲ ನೋಡಿ. ಅಲ್ಲಿ ಎರಡಿವೆ. ಒಂದಕ್ಕೊಂದು ಮುಖ ತಪ್ಪಿಸಲು ಮೂಲೆ ಇಲ್ಲ. ತೋಡಲು ನೆಲ ಇಲ್ಲ. ಎರಡು ಅಂತಸ್ತು ಇದ್ದು ಏನೂ ಉಪಯೋಗವಿಲ್ಲ. ಇವಕ್ಕೆ ಕಣ್ಣು ಮಂದ, ಎತ್ತರ ಗೊತ್ತಾಗುವುದಿಲ್ಲ, ಬಿದ್ದರೆ ಕಾಲು ಮುರಿಯುತ್ತದೆ. ಇವಕ್ಕೆ ಬೇಕಾದ್ದು ಉದ್ದ ಮತ್ತು ಆಳ.

ಕಂಬಿ ಕಡಿಯುವ ಆ ಸದ್ದು ನನಗೆ ಚೆನ್ನಾಗಿ ಗೊತ್ತು. ನನ್ನ ಮಗ ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲೂ ಒಂದಿತ್ತು. ಇಂಥದ್ದೇ ಪಂಜರ. ಅದು ಬೇರೆ ಯಾವ ಕಂಬಿಯನ್ನೂ ಮುಟ್ಟುತ್ತಿರಲಿಲ್ಲ. ಬಾಗಿಲ ಪಕ್ಕದ ಎರಡನೆಯದು, ಅದೊಂದೇ. ಬಣ್ಣ ಎದ್ದುಹೋಗಿ ಕಬ್ಬಿಣ ಮಿಣಮಿಣ ಅನ್ನುತ್ತಿತ್ತು. ಮೂಗಿನ ಮೇಲಿನ ಕೂದಲು ಉದುರಿ ಬರಿ ಚರ್ಮ ಕಾಣುತ್ತಿತ್ತು. ಹಲ್ಲು ಸವೆಸಿಕೊಳ್ಳುತ್ತಿದೆ ಎಂದು ನಾವು ತಿಂಗಳುಗಟ್ಟಲೆ ಸುಮ್ನೆ ಇದ್ದೆವು. ಅದು ಕೇಳುತ್ತಿದ್ದುದು ಬೇರೆ. ನಿಮ್ಮ ಮಗಳು ಒಂದೇ ವಾಕ್ಯದಲ್ಲಿ ಕೇಳಿದಳಲ್ಲ, ಅದನ್ನೇ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು ಇದನ್ನು ಲೆಕ್ಕ ಹಿಡಿದು ನೋಡಿದ್ದಾರೆ. 2006ರಲ್ಲಿ ಬಂದ ಅವರ ಒಂದು ಅಧ್ಯಯನದಲ್ಲಿ ಕೆಲವು ಹ್ಯಾಮ್‌ಸ್ಟರ್‌ಗಳಿಗೆ ತೋಡಲು 10 ಸೆಂಟಿಮೀಟರ್ ಆಳದ ಹಾಸು (ಬೆಡ್ಡಿಂಗ್), ಕೆಲವಕ್ಕೆ 40, ಇನ್ನು ಕೆಲವಕ್ಕೆ 80 ಸೆಂಟಿಮೀಟರ್ ಹಾಸು ಕೊಟ್ಟರು. ಹತ್ತರದವು ಕಂಬಿ ಕಡಿಯುವುದು ಜಾಸ್ತಿ. 80ರಲ್ಲಿದ್ದವು ಒಂದು ಸಲವೂ ಕಡಿಯಲಿಲ್ಲ. ಮರುವರ್ಷ ಅವರೇ ಬೇರೆ ಬೇರೆ ಅಳತೆಯ ಪಂಜರ ಇಟ್ಟು ನೋಡಿದರು. ಪಂಜರ ಚಿಕ್ಕದಾದಷ್ಟೂ ಕಡಿತ ಜಾಸ್ತಿ ಇತ್ತು. ಆದರೆ ದೊಡ್ಡ ಪಂಜರದಲ್ಲೂ ಪೂರ್ತಿ ನಿಲ್ಲಲಿಲ್ಲ. ಇದನ್ನು ಮರೆಯಬೇಡಿ. ಬರೀ ಅಗಲ ಕೊಟ್ಟು ತೆಳ್ಳಗೆ ಎರಡು ಹಿಡಿ ಹಾಸು ಉದುರಿಸಿದರೆ ಅರ್ಧ ಕೆಲಸ ಅಷ್ಟೇ.

ಹಾಗಾದರೆ ಎಷ್ಟು ಬೇಕು? ಜರ್ಮನಿಯ ಪಶುವೈದ್ಯರ ಪ್ರಾಣಿ ಕಲ್ಯಾಣ ಸಂಘ ಹೇಳುವ ಕನಿಷ್ಠ ಅಳತೆ ಒಂದು ಹ್ಯಾಮ್‌ಸ್ಟರಿಗೆ 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ. ನಮ್ಮ ಲೆಕ್ಕದಲ್ಲಿ ಮೂರೂಕಾಲು ಅಡಿ ಉದ್ದ, ಒಂದೂಮುಕ್ಕಾಲು ಅಡಿಗೆ ಸ್ವಲ್ಪ ಕಮ್ಮಿ ಅಗಲ. ನಿಮ್ಮ ಗುಲಾಬಿ ಪಂಜರದ ಮೂರೂವರೆ ಪಟ್ಟು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಗೊತ್ತು. ಆದರೆ ಇದು ನಿಮ್ಮ ಟ್ರೆಡ್‌ಮಿಲ್ ಕೂತಿರುವ ಜಾಗಕ್ಕಿಂತ ಕಮ್ಮಿ.

ಟ್ರೆಡ್‌ಮಿಲ್ ವಿಷಯಕ್ಕೆ ಬರುತ್ತೇನೆ. ನೀವು ಪತ್ರದಲ್ಲಿ ಒಂದು ಮಾತನ್ನು ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುತ್ತೇನೆ ಅಂತ. ಎಷ್ಟು ದಿನದಿಂದ? ಆ ಕಟ್ಟೆ ನಿಂತು ಚಪಾತಿ ಲಟ್ಟಿಸುವ ಎತ್ತರ. ಕೂತು ಟೈಪ್ ಮಾಡಲು ಆಗುವುದಿಲ್ಲ. ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಆಫೀಸಿನ ಕಾಲ್ ನಡೆಯುತ್ತಿರುತ್ತದೆ. ಮನೆಯಲ್ಲಿ ಬಟ್ಟೆ ಒಣಹಾಕುವ ಮಷೀನಿಗೆ ಜಾಗವಿದೆ, ನಿಮಗೆ ಇಲ್ಲ. ಇದನ್ನು ಗಂಡನ ಮೇಲೆ ದೂರು ಎಂದು ಬರೆಯುತ್ತಿಲ್ಲ. ಅವರು ಗಮನಿಸಿಯೇ ಇಲ್ಲದಿರಬಹುದು. ನೀವೂ ಹೇಳಿರಲಿಕ್ಕಿಲ್ಲ. ಅದಕ್ಕೇ "ಇಲಿಗೆ ಬಂಗಲೆ" ಅನ್ನುವ ಮಾತು ನಿಮಗೆ ಅಷ್ಟು ಚುಚ್ಚಿದೆ ಎಂದು ನನಗೆ ಅನಿಸುತ್ತದೆ.

ಈ ಭಾನುವಾರ ಅಳತೆ ಟೇಪು ತೆಗೆದುಕೊಂಡು ಮಗಳನ್ನೂ ಗಂಡನನ್ನೂ ಕರೆದುಕೊಂಡು ಮನೆ ಅಳೆಯಿರಿ. ಜಗಳ ತೆಗೆಯಬೇಡಿ, ಅಳೆಯಿರಿ ಅಷ್ಟೇ. ನೆಲದ ಮೇಲೆ ಮೂರೂಕಾಲು ಅಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅದರ ಪಕ್ಕದಲ್ಲೇ ನಿಮ್ಮ ಮೇಜಿಗೂ ಒಂದು ಗೆರೆ. ಟ್ರೆಡ್‌ಮಿಲ್ ಮಾರಿದರೆ ಎರಡಕ್ಕೂ ಜಾಗ ಆಗುತ್ತದೆ. ಬಂದ ದುಡ್ಡಿನಲ್ಲಿ ಎರಡೂ ಆಗಬಹುದು. ಗಂಡ ಮಾರಲು ಒಪ್ಪದಿದ್ದರೆ ಮೇಜಿನ ಕೆಳಗೆ ಹ್ಯಾಮ್‌ಸ್ಟರ್ ಮನೆ, ಮೇಲೆ ನಿಮ್ಮ ಲ್ಯಾಪ್‌ಟಾಪ್. ಹಗಲೆಲ್ಲಾ ಅದು ಮಲಗಿರುತ್ತದೆ, ನಿಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಪೆಟ್ಟಿಗೆಗೆ ತಾಗುವಂತೆ ಕಾಲು ಅಲ್ಲಾಡಿಸಬೇಡಿ, ಅಷ್ಟೇ.

ಇಷ್ಟು ದೊಡ್ಡ ಪಂಜರ ಅಂಗಡಿಯಲ್ಲಿ ಕೊಳ್ಳಬೇಕು ಅಂತೇನಿಲ್ಲ. ಮೀನು ಸಾಕಿ ಬಿಟ್ಟವರ ಹಳೇ ಗಾಜಿನ ತೊಟ್ಟಿ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ನಾಲ್ಕಡಿಯದ್ದು ಸಿಕ್ಕರೆ ಬಿಡಬೇಡಿ. ನೀರು ನಿಲ್ಲದ, ಸೋರುವ ತೊಟ್ಟಿಯಾದರೂ ನಡೆಯುತ್ತದೆ, ಚೌಕಾಸಿ ಮಾಡಿ. ಒಡೆದ ಅಂಚು ಇರಬಾರದು. ಇಲ್ಲವೇ ಕಾರ್ಪೆಂಟರ್ ಹತ್ತಿರ ಪ್ಲೈವುಡ್ ಪೆಟ್ಟಿಗೆ ಮಾಡಿಸಿ. ಮುಂದಿನ ಬದಿಗೆ ಅಕ್ರಿಲಿಕ್ ಹಾಳೆ, ಮೇಲೆ ಕಬ್ಬಿಣದ ಜಾಲರಿ. ಒಳಗೆ ವಾಸನೆಯ ಬಣ್ಣ, ವಾರ್ನಿಷ್ ಬೇಡ. ಕೆಳಗೆ ಕಾಗದದ ಬೆಡ್ಡಿಂಗ್ ಕನಿಷ್ಠ ಒಂದು ಗೇಣಿನಷ್ಟು ಒತ್ತಿ ತುಂಬಿ. ಪೂರ್ತಿ ತುಂಬಲು ದುಡ್ಡು ಸಾಲದಿದ್ದರೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ಮಾಡಿ. ಪರಿಮಳ ಹಾಕಿದ ಬೆಡ್ಡಿಂಗ್ ಬೇಡ, ಹತ್ತಿಯಂಥ ಉಣ್ಣೆಯೂ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ಅದು ಒಳಗೆ ಓಡುವ ವೀಲ್ ದೊಡ್ಡದಿರಬೇಕು, ಸುಮಾರು 28 ಸೆಂಟಿಮೀಟರ್. ಓಡುವಾಗ ಬೆನ್ನು ನೆಟ್ಟಗಿರಬೇಕು. ಪಂಜರದ ಜೊತೆ ಬಂದಿರುವ ಪುಟ್ಟ ವೀಲಿನಲ್ಲಿ ಬೆನ್ನು ಬಾಳೆಹಣ್ಣಿನ ಹಾಗೆ ಬಗ್ಗಿರುತ್ತದೆ, ಇವತ್ತು ರಾತ್ರಿ ನೋಡಿ. ಕಡ್ಡಿಗಳ ವೀಲ್ ಆದರೆ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ, ಅದನ್ನು ತೆಗೆದುಬಿಡಿ.

ಬೆಂಗಳೂರಿನಲ್ಲಿ ಇನ್ನೊಂದು ತಾಪತ್ರಯ ಇರುವೆ. ಹ್ಯಾಮ್‌ಸ್ಟರ್ ಕೆನ್ನೆ ಚೀಲದಲ್ಲಿ ಕಾಳು ತುಂಬಿಕೊಂಡು ಹೋಗಿ ಬಿಲದಲ್ಲಿ ಕೂಡಿಡುತ್ತದೆ, ಇರುವೆ ಹುಡುಕಿಕೊಂಡು ಬರುತ್ತವೆ. ಸುತ್ತ ಇರುವೆ ಚಾಕ್ ಎಳೆಯಬೇಡಿ, ಅದು ವಿಷ. ಪೆಟ್ಟಿಗೆಯನ್ನು ಕಾಲಿರುವ ಸ್ಟ್ಯಾಂಡಿನ ಮೇಲಿಟ್ಟು ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ನಿಮ್ಮ ಅತ್ತೆಗೆ ಈ ಉಪಾಯ ಗೊತ್ತಿರುತ್ತದೆ, ಅವರನ್ನೇ ಕೇಳಿ.

ಅತ್ತೆಯ ವಿಷಯ. ಅವರು ಹೇಳುವ ವಾಸನೆ ಸುಳ್ಳಲ್ಲ, ಅವರ ದಿವಾನದ ಪಕ್ಕದಲ್ಲೇ ಎರಡು ಪ್ರಾಣಿಗಳು ಒಂದೂವರೆ ಚದರಡಿಯಲ್ಲಿ ಉಚ್ಚೆ ಹೊಯ್ಯುತ್ತಿವೆ. ವಾಸನೆ ಬರದೇ ಇರುತ್ತಾ? ಜಾಗ ದೊಡ್ಡದಾದರೆ ಅದು ತಾನೇ ಒಂದು ಮೂಲೆ ಹಿಡಿದುಕೊಂಡು ಅಲ್ಲೇ ಹೋಗುತ್ತದೆ. ದಿನಾ ಆ ಮೂಲೆಯ ಒದ್ದೆ ಬೆಡ್ಡಿಂಗ್ ಒಂದು ಚಮಚದಲ್ಲಿ ತೆಗೆದರೆ ಆಯಿತು. ವಾರಕ್ಕೊಮ್ಮೆ ಎಲ್ಲಾ ಬಳಿದು ತೊಳೆಯಬೇಡಿ, ತನ್ನ ವಾಸನೆ ಹೋಯಿತೆಂದು ಅದು ಗಾಬರಿಯಾಗುತ್ತದೆ. ಹೆಣ್ಣಿಗೆ ನಾಲ್ಕು ದಿನಕ್ಕೊಮ್ಮೆ ಬೆದೆ ಬರುತ್ತದೆ, ಆಗ ಸ್ವಲ್ಪ ಘಾಟು ಇರುತ್ತದೆ, ಮಾರನೇ ದಿನ ಇರುವುದಿಲ್ಲ. ಇದನ್ನೆಲ್ಲಾ ಅವರಿಗೆ ಹೇಳಿ. ಪೆಟ್ಟಿಗೆಯನ್ನು ಬೆಡ್‌ರೂಮಿಗೆ ಸಾಗಿಸುತ್ತೇವೆ ಎನ್ನುವುದನ್ನು ಮೊದಲೇ ಹೇಳಿ. ಪಾರ್ಕಿನಲ್ಲಿ ಬಿಡುವುದು ಮಾತ್ರ ಬೇಡವೇ ಬೇಡ. ಸಾಕಿದ ಹ್ಯಾಮ್‌ಸ್ಟರಿಗೆ ನಮ್ಮ ಕಾಗೆ, ಬೆಕ್ಕು, ಹದ್ದುಗಳಿಂದ ತಪ್ಪಿಸಿಕೊಳ್ಳಲು ಗೊತ್ತಿಲ್ಲ. ಒಂದು ಬೆಳಗು ಕೂಡ ಉಳಿಯುವುದು ಕಷ್ಟ. ಮಗಳಿಗೆ ಅದು ಮುಂದೆ ಗೊತ್ತಾಗದೇ ಇರುವುದಿಲ್ಲ.

ಎರಡನೆಯದನ್ನು ಏನು ಮಾಡುವುದು? ನಿಮ್ಮ ಮನೆಯಲ್ಲಿ ಇಂಥ ಎರಡು ಪೆಟ್ಟಿಗೆ ಹಿಡಿಸುವುದಿಲ್ಲ. ಅದನ್ನು ಒಪ್ಪಿಕೊಳ್ಳಿ, ತಪ್ಪಲ್ಲ. ನಾದಿನಿಗೆ ಫೋನ್ ಮಾಡಿ. ಪಂಜರದ ವಿಷಯ ಎತ್ತಬೇಡಿ, ಕಿವಿಯ ವಿಷಯ ಹೇಳಿ. "ಎರಡೂ ಒಂದೇ ಕಡೆ ಇದ್ದರೆ ಒಂದು ಉಳಿಯಲ್ಲ ಅಂತ ಗೊತ್ತಾಯ್ತು. ಒಂದನ್ನು ನೀನು ಸಾಕ್ತೀಯಾ?" ಎಂದು ಕೇಳಿ. ಅವರು ಪ್ರೀತಿಯಿಂದ ಕೊಟ್ಟಿದ್ದು, ಅಂಗಡಿಯ ಮಾತು ನಂಬಿ ಮೋಸ ಹೋಗಿದ್ದಾರೆ. ಹರಿದ ಕಿವಿಯ ಫೋಟೊ ನೋಡಿದ ಮೇಲೆ ಪಂಜರಕ್ಕಾಗಿ ಬೇಜಾರು ಮಾಡಿಕೊಳ್ಳುವವರು ಕಮ್ಮಿ. ಅವರಿಗೆ ಆಗದಿದ್ದರೆ ನಿಮ್ಮ ಪಶುವೈದ್ಯರನ್ನು ಕೇಳಿ, ಸಾಕುವವರು ಅವರಿಗೆ ಗೊತ್ತಿರುತ್ತಾರೆ. ಕೊಡುವ ಮುಂಚೆ ಅವರ ಮನೆಯ ಪಂಜರದ ಫೋಟೊ ಕೇಳಿ ತರಿಸಿಕೊಳ್ಳಿ. ಅಂಗಡಿಗೆ ವಾಪಸ್ ಬೇಡ.

ಈ ನಿಯಮ ಎಲ್ಲಾ ಪ್ರಾಣಿಗೂ ಅಲ್ಲ. ಗಿನಿಪಿಗ್ ಇದಕ್ಕೆ ತದ್ವಿರುದ್ಧ, ಅದು ಒಂಟಿಯಾಗಿದ್ದರೆ ಕೊರಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಅದನ್ನು ಒಂಟಿಯಾಗಿ ಸಾಕುವುದಕ್ಕೆ ಕಾನೂನೇ ಬಿಡುವುದಿಲ್ಲ. ಮೊಲಕ್ಕೂ ಜೊತೆ ಬೇಕು, ಮೂರು ನೆಗೆತ ನೆಗೆಯುವಷ್ಟು ನೆಲ ಬೇಕು. ಹ್ಯಾಮ್‌ಸ್ಟರಿಗೆ ಜೊತೆ ಬೇಜಾರು ಎಂದು ಮಗಳಿಗೆ ಹೇಳುವಾಗ ಇದನ್ನೂ ಹೇಳಿ, ಇಲ್ಲದಿದ್ದರೆ ಒಂಟಿ ಮಾಡಿದೆವು ಎಂದು ಅಳುತ್ತಾಳೆ.

ಗಂಡನಿಗೆ ಹೇಳಲು ಒಂದು ಮಾತು ಇದೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲೇ ಇದೆ, ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಅಪರಾಧ. ಹೆದರಿಸಲು ಹೇಳಬೇಡಿ. ಇದು ಬರೀ ಹೆಂಡತಿಯ ಹುಚ್ಚಲ್ಲ ಎಂದು ಗೊತ್ತಾದರೆ ಸಾಕು. ಇದೆಲ್ಲಾ ಹೆಚ್ಚೆಂದರೆ ಎರಡು ಮೂರು ವರ್ಷದ ಮಾತು. ಹ್ಯಾಮ್‌ಸ್ಟರ್ ಅಷ್ಟೇ ಬದುಕುವುದು.

ಹೊಸ ಮನೆಗೆ ಬಿಟ್ಟ ಮೇಲೆ ಎರಡು ಮೂರು ರಾತ್ರಿ ಅದು ಕಾಣಿಸದೇ ಇರಬಹುದು. ಕೆದಕಿ ನೋಡಬೇಡಿ, ಮಗಳಿಗೂ ಹೇಳಿ. ನಮ್ಮದು ಮೊದಲ ರಾತ್ರಿಯೇ ಒಳಗೆ ಹೋಯಿತು. ಬೆಳಗ್ಗೆ ನೋಡಿದರೆ ಬಿಲದ ಬಾಯಿ ಒಳಗಿನಿಂದ ಮುಚ್ಚಿತ್ತು, ಪಕ್ಕದಲ್ಲಿ ಸೂರ್ಯಕಾಂತಿ ಬೀಜದ ಎರಡು ಸಿಪ್ಪೆ ಬಿದ್ದಿದ್ದವು. ಮಗ ಶಾಲೆಗೆ ಹೋಗುವುದನ್ನು ಮರೆತು ಗಾಜಿಗೆ ಕಿವಿ ಇಟ್ಟು ಕೂತಿದ್ದ. ಒಳಗೆ ಕಾಗದ ಹರಿಯುವ ಸಣ್ಣ ಸದ್ದು ಕೇಳಿಸುತ್ತಿತ್ತು.