ಸುರುಳಿ ಬಿಚ್ಚದೆ ವೈರಿನ ಉದ್ದ

2.5 ಚದರ ಮಿ.ಮೀ. ವೈರಿನ ಉಳಿದ ಸುರುಳಿ ಎಷ್ಟು ಮೀಟರ್ ಇದೆ, ಮಲ್ಟಿಮೀಟರಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ವೈರು ಒಡ್ಡೋ ತಡೆ) ಅಳೆದರೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ಅದನ್ನ ನಂಬಬೇಡಿ. 50 ಮೀಟರ್ ತಾಮ್ರಕ್ಕೆ ರೆಸಿಸ್ಟೆನ್ಸ್ ಬರೀ 0.4 ಓಮ್ ಹತ್ತಿರ. ಮಲ್ಟಿಮೀಟರಿನ ಪ್ರೋಬ್ ವೈರುಗಳದ್ದೇ 0.2 ಓಮ್ ಸೇರಿಕೊಂಡು ಲೆಕ್ಕ ತಪ್ಪಬಹುದು.

ತೂಕ ಮಾಡಿ ನೋಡಿ. ತುದಿಯಿಂದ ಒಂದು ಮೀಟರ್ ಕತ್ತರಿಸಿ, ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಉಳಿದ ಸುರುಳಿಯ ತೂಕವನ್ನ ಅದರಿಂದ ಭಾಗಿಸಿ. ಸುರುಳಿಗೆ ಕಟ್ಟಿರೋ ಪ್ಲಾಸ್ಟಿಕ್ಕು, ರಟ್ಟು ತೆಗೆದುಬಿಡಿ. ತುಂಡು ಅಳೆಯುವಾಗ ಮಾತ್ರ ಬಗ್ಗಿರೋದನ್ನ ನೆಟ್ಟಗೆ ಎಳೆದು ಹಿಡೀರಿ: ಅಲ್ಲಿ 1 ಸೆಂ.ಮೀ. ತಪ್ಪಿದರೆ 50 ಮೀಟರಿಗೆ ಅರ್ಧ ಮೀಟರ್ ವ್ಯತ್ಯಾಸ. ಕತ್ತರಿಸಿದ ತುಂಡು ಸ್ವಿಚ್‌ಬೋರ್ಡ್ ಒಳಗೆ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಜೋಡಿಸೋ ಲೂಪಿಗೆ ಆಗುತ್ತೆ, ಎಸೀಬೇಡಿ.

ಹಾಂ, ಮೊದಲು ಹೊದಿಕೆ ಮೇಲೆ ಮೀಟರ್ ಗುರುತು ಅಚ್ಚಾಗಿದೆಯಾ ನೋಡಿ. ಇದ್ದರೆ ಎರಡೂ ತುದಿಯ ಅಂಕಿ ಕಳೆದರೆ ಸಾಕು.